ಅಟೆಂಡರ್ ಸಾಲಿನ ಅಯ್ಯನೋರು

ಹಚ್ಚೊಳ್ಳಿಯ ಅಯ್ಯನೋರಿಗೆ, ನಿಮ್ಮ ಆಸ್ಪತ್ರೆಯ ಗುಮಾಸ್ತ ಬಸವರಾಜನ ಶರಣು.

ಮಧ್ಯಾಹ್ನ ಊಟವಾದ ಮೇಲೆ ಗಾಂಧಿನಗರದ ನಮ್ಮ ಆಸ್ಪತ್ರೆಯ ಕಾರಿಡಾರು ಬಿಸಿಲಲ್ಲಿ ತೇಲಿದಂತಾಗುತ್ತದಲ್ಲ, ಆಗ ನೀವು ಬರುತ್ತೀರಿ. ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಯಾವುದೋ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ರೋಗಿಯ ಕೈ ಹಿಡಿಯುತ್ತೀರಿ. ನೀವು ಹೋಗಿ ಮೂರು ವರ್ಷವಾಯಿತು ಅನ್ನುವುದು ಆ ಹೊತ್ತಿನಲ್ಲಿ ನನಗೆ ನೆನಪೇ ಇರುವುದಿಲ್ಲ. ಕಣ್ಣುಜ್ಜಿಕೊಂಡು ನೋಡಿದರೆ ಸ್ಟೂಲು ಖಾಲಿ.

ನೀವು ಕೆಲಸಕ್ಕೆ ಸೇರಿದ ದಿನ ನೆನಪಿದೆಯೇ? ಹೆದರಿದ ರೋಗಿಗಳ ಬಳಿ ಕೂರಲು, ಸಾಯುವವರ ಹಣೆಗೆ ವಿಭೂತಿ ಹಚ್ಚಲು ಒಬ್ಬ ಅಯ್ಯನೋರು ಬೇಕೆಂದು ಟ್ರಸ್ಟಿನವರು ನಿಮ್ಮನ್ನು ಕರೆಸಿದ್ದರು. ಸಂಬಳದ ಪುಸ್ತಕದಲ್ಲಿ ಡಾಕ್ಟರು, ನರ್ಸು, ಲ್ಯಾಬಿನವರು, ಅಟೆಂಡರ್ ಇಷ್ಟೇ ದರ್ಜೆ. ಅಯ್ಯನೋರಿಗೆ ಜಾಗವಿರಲಿಲ್ಲ. ನಾನು ಯಾರನ್ನೂ ಕೇಳದೆ ಅಟೆಂಡರ್ ಸಾಲಿಗೆ ನಿಮ್ಮ ಹೆಸರು ಸೇರಿಸಿಬಿಟ್ಟೆ. ಪ್ರತಿ ತಿಂಗಳು ಮೊದಲು ನಿಮ್ಮ ಪಾದ ಮುಟ್ಟುತ್ತಿದ್ದೆ, ಆಮೇಲೆ ಕಟ್ಟಕಡೆಯ ಸಾಲಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಎಂಥ ಭಕ್ತ ನೋಡಿ ನಾನು.

ರಾರಾವಿ ಊರಿನ ಆ ಮುದುಕಿ... ಕಾಗದದ ಮೇಲೆ ಅಟೆಂಡರ್ ಆದದ್ದಕ್ಕೆ ಸೂಪರ್‌ವೈಸರ್ ನಿಮ್ಮನ್ನು ಸ್ಟ್ರೆಚರ್ ನೂಕಲು ಹಚ್ಚಿದ್ದ. ಆಪರೇಷನ್ನಿಗೆ ಹೊರಟಿದ್ದ ಮುದುಕಿ ತಿರುಗಿ ನಿಮ್ಮ ಹಣೆ ನೋಡಿದ್ದೇ ತಡ, ಅಯ್ಯನೋರ ಕೈಲಿ ನೂಕಿಸಿಕೊಂಡರೆ ಪಾಪ ಸುತ್ತಿಕೊಳ್ಳುತ್ತದೆಂದು ಕೆಳಗಿಳಿದು ನಿಂತುಬಿಟ್ಟಳು. ಡಾಕ್ಟರು ಬೈದರೂ ಹತ್ತಲಿಲ್ಲ. ನೀವು ನಗುತ್ತಾ, “ಹತ್ತು ಯವ್ವಾ. ಇಲ್ಲಿ ನಾ ಅಯ್ಯ ಅಲ್ಲ, ಅಟೆಂಡರ್ ಅದೀನಿ. ಪುಸ್ತಕದಾಗ ಹಂಗ ಬರದಾರ” ಅಂದಿರಿ. ಬರೆದವನು ಪಕ್ಕದಲ್ಲೇ ನಿಂತಿದ್ದೆ. ನೀವು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಚೆನ್ನಾಗಿತ್ತೇನೋ...

ಮರುದಿನ ನಿಮ್ಮ ದರ್ಜೆ ಬದಲಿಸಿ ಎಂದು ಕೇಳಲು ಟ್ರಸ್ಟಿನ ಕಾರ್ಯದರ್ಶಿಯ ಬಳಿ ಹೋದೆ. ಕೈ ಹಿಡಿದು ಕೂರುವವರಿಗೆ ಯಾವ ದರ್ಜೆ ಕೊಡೋಣಪ್ಪಾ ಎಂದು ಕೇಳಿದರು. ನಾನು ನಮಸ್ಕಾರ ಹೇಳಿ ಹೊರಗೆ ಬಂದುಬಿಟ್ಟೆ. ಕುರುಗೋಡಿನ ಮಗಳ ಮನೆಯಲ್ಲಿ ನೀವು ತೀರಿಕೊಂಡ ಸುದ್ದಿ ಬಂದಾಗಲೂ ನಿಮ್ಮ ಹೆಸರು ಅದೇ ಸಾಲಿನಲ್ಲಿತ್ತು. ನಾಚಿಕೆಯಾಯಿತು, ಅಯ್ಯನೋರೆ. ಈಗಲೂ ಆಗುತ್ತದೆ.

ಹೋದ ತಿಂಗಳು ಸಿರುಗುಪ್ಪದಿಂದ ಹೊಸ ಅಯ್ಯನೋರನ್ನು ಕರೆಸುವ ಮಾತು ಬಂತು. ಕಾರ್ಯದರ್ಶಿ ಮತ್ತೆ ಅದೇ ಪ್ರಶ್ನೆ ಕೇಳಿದರು. “ನರ್ಸಮ್ಮಗ ಕೊಟ್ಟಂಗ ಕೊಡ್ರಿ ಸರ್,” ಅಂದೆ. “ಆಗಂಗಿಲ್ಲಂದ್ರ ನನ್ನೂ ಅಟೆಂಡರ್ ಸಾಲಿಗೆ ಇಳಸ್ರಿ. ಅವರ ಕೆಲಸ ನನ್ನ ಕೆಲಸಕ್ಕಿಂತ ಹಗುರ ಅಲ್ರಿ.” ಅವರು ಪುಸ್ತಕ ತರಿಸಿ, ಹೊಸ ದರ್ಜೆಗೆ ಒಪ್ಪಿ ಸಹಿ ಹಾಕಿದರು.

ಹೊಸಬರು ಸೋಮವಾರ ಬಂದರು. ಹಾಜರಿ ಹಾಕುತ್ತಾ, ತಮಗಿಂತ ಮುಂಚೆ ಈ ಜಾಗದಲ್ಲಿ ಯಾರಿದ್ದರು ಎಂದು ಕೇಳಿದರು. ಪುಸ್ತಕದ ಪ್ರಕಾರ ಆ ದರ್ಜೆಯಲ್ಲಿ ಯಾರೂ ಇರಲಿಲ್ಲ. ನಾನು ನಿಮ್ಮ ಹೆಸರು ಹೇಳಿದೆ.