ಹೊಸ್ತಿಲಿನ ಈಚೆಗೆ

೧೨ ಆಗಸ್ಟ್ ೧೯೫೮, ಮಂಗಳವಾರ

ಬರೆಯದೆ ಬಿಟ್ಟುಬಿಡುತ್ತಿದ್ದೆ — ನಾನು ನೋಡಿದೆ. ನಿನ್ನೆ ‘ಕೂಗು ಕೇಳಿಸಿತು’ ಎಂದಷ್ಟೇ ಬರೆದು ಪೆನ್ನು ಮುಚ್ಚಿದ್ದೆ. ಸುಳ್ಳು.

ನಿನ್ನೆ ಮಧ್ಯಾಹ್ನ ಲೈಬ್ರರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಡುಗೆಮನೆ ಬಾಗಿಲು ತೆರೆದೇ ಇತ್ತು. ತಮ್ಮ ಪಂಢರಿನಾಥನ ಕೈಯಲ್ಲಿ ಒಲೆಯ ಊದುಗೊಳವೆ. ಅವನ ಹೆಂಡತಿ ರಮಾ ನೆಲದ ಮೇಲೆ. ನೈವೇದ್ಯ ತಡವಾಗಿತ್ತಂತೆ. ಕಬ್ಬಿಣ ತಲೆಗೆ ಬಿದ್ದ ಸದ್ದು... ಮತ್ತೆ ಬಿತ್ತು. ರಕ್ತ ಹೊಸ್ತಿಲ ರಂಗೋಲಿಯವರೆಗೆ ಹರಿಯಿತು.

ಹಿಂದಿನಿಂದ ಅಮ್ಮ: “ಮುಟ್ಟಬೇಡ್ವೇ! ನೀನು ಬಸ್ಸಲ್ಲಿ ಬಂದಿದ್ದೀ. ಅವಳು ಮಡಿ.”

ನಿಂತೆ. ರಮಾ ತೆವಳಿಕೊಂಡು ಬಂದಳು. ಅವಳ ಕೈ ಹೊಸ್ತಿಲು ದಾಟಿತು. ಬಗ್ಗಿದೆ. ಅವಳೇ ಕೈ ಹಿಂದಕ್ಕೆಳೆದುಕೊಂಡಳು. “ಮಡಿ, ಅಕ್ಕಾ...”

ಅವನು ಮತ್ತೆ ಹೊಡೆದ.

೧೩

ರಮಾ ಆಸ್ಪತ್ರೆಯಲ್ಲಿ. ಎಚ್ಚರವಿಲ್ಲ. ಇಲ್ಲಿನ ತಮಿಳು ಕಾನ್‌ಸ್ಟೇಬಲ್ ಬಂದಿದ್ದ. ಬಚ್ಚಲಲ್ಲಿ ಜಾರಿ ಬಿದ್ದಳೆಂದು ಅಮ್ಮ ತಮಿಳಿನಲ್ಲಿ ಹೇಳಿ ಕಾಫಿ ಕೊಟ್ಟಳು. ಅವನು ನನ್ನತ್ತ ತಿರುಗಿದ. “ನೀಂಗ ಪಾತ್ತೀಂಗಳಾ, ಟೀಚರಮ್ಮಾ?” ನೋಡಿದಿರಾ ಅಂತ.

ಲೈಬ್ರರಿಯಲ್ಲಿದ್ದೆ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

೧೬

ಗೈಡ್ ನನ್ನ ಎಂ.ಲಿಟ್. ಪ್ರಬಂಧದ ಅಧ್ಯಾಯ ಹಿಂದಿರುಗಿಸಿದರು. ಗ್ರೀಕ್ ದುರಂತ ನಾಟಕಗಳಲ್ಲಿ ಕೊಲೆ ಸಾಮಾನ್ಯವಾಗಿ ರಂಗದ ಮೇಲೆ ನಡೆಯುವುದಿಲ್ಲ. ಒಳಗಿನಿಂದ ಕೂಗು ಬರುತ್ತದೆ. ಹೊರಗೆ ಕೋರಸ್ಸಿನವರು, ಅಂದರೆ ಮೇಳದವರು, ಒಳಗೆ ಹೋಗೋಣವೇ ಬೇಡವೇ ಎಂದು ಚರ್ಚಿಸುತ್ತ ನಿಲ್ಲುತ್ತಾರೆ. ನಾನು ಅದನ್ನು ‘ಸಂಯಮ’ ಎಂದು ಕರೆದಿದ್ದೆ.

“ವೆರಿ ಫೈನ್” ಎಂದರು. ಹೊರಗೆ ಬಂದು ‘ಸಂಯಮ’ ಎಂಬ ಪದವನ್ನು ಹೊಡೆದುಹಾಕಿದೆ.

೨೧

ಸೋಮವಾರ ರಮಾ ಹೋದಳು. ಕಣ್ಣು ತೆರೆಯಲೇ ಇಲ್ಲ.

ಸೂತಕ. ಮನೆಯಲ್ಲಿ ಯಾರಿಗೂ ಮಡಿಯಿಲ್ಲ. ಇವತ್ತು ಬಸ್ಸಿಳಿದು ಬಂದವಳು ನೇರ ಅಡುಗೆಮನೆಗೆ ಹೋದೆ. ಯಾರೂ ತಡೆಯಲಿಲ್ಲ! ಊದುಗೊಳವೆ ತೊಳೆದು ಒಲೆಯ ಪಕ್ಕ ಒರಗಿಸಿದ್ದರು. ಸರಿಯಾಗಿ ತೊಳೆದಿರಲಿಲ್ಲ. ತುದಿಯಲ್ಲಿ ಅವಳ ಕೂದಲು. ಕೈಗೆತ್ತಿಕೊಂಡೆ.

ಪಂಢರಿ ಬಂದು ಮಣಿಕಟ್ಟು ತಿರುಚಿದ. “ಕೊಡಕ್ಕಾ. ಇದು ನಿನ್ನ ಗ್ರೀಕ್ ಡ್ರಾಮಾ ಅಲ್ಲ.”

“ಅಲ್ಲ. ಅಲ್ಲಿ ನೋಡಿದವನು ಹೊರಗೆ ಬಂದು ಹೇಳ್ತಾನೆ.”

ನನ್ನ ಬಲಗೈಯನ್ನು ರುಬ್ಬುವ ಕಲ್ಲಿಗೆ ಅಪ್ಪಳಿಸಿದ. ಬೆರಳು ಮುರಿದದ್ದು ನನಗೇ ಕೇಳಿಸಿತು. ಊದುಗೊಳವೆ ಕಸಿದುಕೊಂಡು ಹೊರಟ.

ಅಮ್ಮ ಅಳುತ್ತಿದ್ದಳು. “ಒಡಹುಟ್ಟಿದವನನ್ನ ನೇಣಿಗೆ ಹಾಕಿಸ್ತೀಯೇನೇ?”

ಗೊತ್ತಿಲ್ಲ. ಅವನಿಗೆ ಅಕ್ಷರ ಕಲಿಸಿದವಳು ನಾನು.

೨೩, ಶನಿವಾರ ಸಂಜೆ

ಮೊನ್ನೆಯಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಮಗು ಬರೆದ ಹಾಗೆ. ಪೊಲೀಸ್ ಕಮಿಷನರಿಗೆ ಬರೆಯುವ ಹೇಳಿಕೆ ಮುಗಿಯಿತು. ‘ನಾನು ನೋಡಿದೆ’ ಎಂದು ಶುರು. ಕಾನ್‌ಸ್ಟೇಬಲ್ಲಿಗೆ ಹೇಳಿದ್ದು ಸುಳ್ಳೆಂದು ಬರೆದೆ. ಅವಳ ಕೈ ಹಿಡಿಯಬಹುದಾಗಿತ್ತು, ಹಿಡಿಯಲಿಲ್ಲ ಎಂದೂ. ಅವರಿಗೆ ಅದು ಬೇಕಿಲ್ಲದಿರಬಹುದು.

ಕೆಳಗೆ ಪಂಢರಿ ನನ್ನ ಹೆಸರು ಕೂಗುತ್ತಿದ್ದಾನೆ. ಅಕ್ಕಾ ಎನ್ನುತ್ತಿಲ್ಲ, ಬರೀ ಹೆಸರು. ಮೆಟ್ಟಿಲ ಮೇಲೆ ಹೆಜ್ಜೆ. ಹೇಳಿಕೆ ರವಿಕೆಯೊಳಗಿದೆ. ನಾಳೆ ಭಾನುವಾರ, ಪೋಸ್ಟಾಫೀಸಿಲ್ಲ. ರಿಜಿಸ್ಟರ್ ಮಾಡಿಸುವುದು ಸೋಮವಾರ, ಇಪ್ಪತ್ತೈದನೇ ತಾರೀಕು —