ಹುಣಸೆಹಣ್ಣಿನಲ್ಲಿ ತೊಳೆದ ಖಾಲಿ ತೋಟಾಗಳು

ಸ್ಯಾನ್ ರಮೋನ್
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಚಿರಂಜೀವಿ ಹಂಸಾಗೆ,

ನೀನು ಕೇಳದಿದ್ದರೂ ಅಮ್ಮನ ಆಶೀರ್ವಾದ. ಆರೋಗ್ಯ ಹೇಗಿದೆ? ರೀನೋದಲ್ಲಿ ಆಗಲೇ ಚಳಿ ಹಿಡಿದಿರಬೇಕು. ಕಿವಿ ಮುಚ್ಚಿಕೊಂಡು ಓಡಾಡು. ನಲವತ್ತೊಂದು ವರ್ಷದ ಡಾಕ್ಟರಿಗೆ ಇದನ್ನು ಹೇಳಬಾರದೆಂದು ನನಗೂ ಗೊತ್ತು, ಆದರೂ ಹೇಳುತ್ತೇನೆ. ನನ್ನ ಮಂಡಿ ನೋವು ಇದ್ದದ್ದೇ, ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಪಕ್ಕದ ಮನೆಯ ಇಂದು ಎಂಬವಳು ಪ್ರತಿ ಗುರುವಾರ ಗ್ರೋಸರಿಗೆ ಕರೆದುಕೊಂಡು ಹೋಗುತ್ತಾಳೆ. ದಾರಿಯುದ್ದಕ್ಕೂ ಅವಳದೇ ಮಾತು. ಮೊದಲು ತಲೆನೋವು ಬರುತ್ತಿತ್ತು, ಈಗ ಬುಧವಾರವೇ ಚೀಲ ತೆಗೆದು ಬಾಗಿಲ ಹತ್ತಿರ ಇಟ್ಟಿರುತ್ತೇನೆ. ಅರ್ಧ ಲೋಟ ಅಕ್ಕಿ ಇಟ್ಟರೆ ಎರಡು ಹೊತ್ತಿಗೂ ಆಗುತ್ತದೆ. ಅಷ್ಟು ಚಿಕ್ಕ ಪಾತ್ರೆ ಈ ಮನೆಯಲ್ಲಿ ಇರಲಿಲ್ಲ, ಹೊಸದು ತರಬೇಕಾಯಿತು. ನಿಮ್ಮಪ್ಪ ಹೋಗಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಹಾಗಾಗಿ ದೀಪಾವಳಿಗೆ ಯಾರನ್ನೂ ಕರೆದಿಲ್ಲ. ಕರೆದರೆ ಯಾರು ಬರುತ್ತಿದ್ದರು ಎಂದು ಯೋಚಿಸುವ ಕೆಲಸವೂ ತಪ್ಪಿತು.

ನಿನ್ನ ಮೆಸೇಜು ನೋಡಿದೆ. ಪ್ಲೆಸೆಂಟನ್‌ನಿಂದ ಒಬ್ಬಾತ ಇಪ್ಪತ್ತೈದನೇ ತಾರೀಕು ಶನಿವಾರ ಬಂದು ಗರಾಜಿನಲ್ಲಿರುವ ನಿಮ್ಮಪ್ಪ ರೈಫಲ್ಲಿನ ತೋಟಾ ತುಂಬುತ್ತಿದ್ದ ಮೇಜು, ಪ್ರೆಸ್ಸು, ಡೈಗಳನ್ನೆಲ್ಲ ಒಯ್ಯುತ್ತಾನೆ, ಖಾಲಿ ತೋಟಾಗಳನ್ನು ಗುಜರಿಗೆ ಹಾಕು, ಅಪ್ಪ ಕೊನೆಗಾಲದಲ್ಲಿ ತುಂಬಿದ್ದು ಯಾವುದನ್ನೂ ನಂಬೋಕಾಗಲ್ಲ ಎಂದು ಬರೆದಿದ್ದೀಯ. ನಾಲ್ಕು ತಿಂಗಳಲ್ಲಿ ನೀನು ನನಗೆ ಬರೆದ ಉದ್ದದ ಮಾತು ಇದೇ. ಅದಕ್ಕೆ ಉತ್ತರ ಕೊಡದೆ ಆ ಸಾಮಾನು ಈ ಮನೆಯಿಂದ ಹೊರಗೆ ಹೋಗಕೂಡದು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ. ಅದಕ್ಕೇ ಕಾಗದ.

ನಿಮ್ಮಪ್ಪ ಹುಳ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಿದ್ದ ಮನುಷ್ಯ. ಕಾಲೇಜಿನ ಎನ್‌ಸಿಸಿಯಲ್ಲಿ ಅಂಟಿದ ಚಟ ರೈಫಲ್ಲಿನದ್ದು, ಹೊಡೆದದ್ದೆಲ್ಲ ಕಾಗದದ ಗುರಿಗೇ. ಬೆಂಗಳೂರಿನಲ್ಲೂ ಇಲ್ಲಿಯೂ ನಲವತ್ತು ವರ್ಷ ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕ ಹಾಕಿ ಕೊರೆದವರು, ಮನೆಗೆ ಬಂದ ಮೇಲೂ ಅದೇ ಕೆಲಸ. ನಾನು ಗರಾಜಿನ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಕೇಳಿಸಿಕೊಳ್ಳುತ್ತಿಲ್ಲ ಎಂಬಂತೆ ಕೂತರೂ ಎಲ್ಲ ಕೇಳಿಸುತ್ತಿತ್ತು. ತೋಟಾ ಹಾರಿದಾಗ ಅದರ ಹಿತ್ತಾಳೆ ಕೇಸು ಉಬ್ಬಿ, ಯಾವ ರೈಫಲ್ಲಿನಲ್ಲಿತ್ತೋ ಅದರ ಗೂಡಿನ ಅಳತೆಗೇ ಕೂತುಬಿಡುತ್ತದಂತೆ. "ಒಂದೇ ನಂಬರಿನ ಚಪ್ಪಲಿ ಆದ್ರೂ ಮೆಟ್ಟಿದವರ ಕಾಲಿಗೇ ಒಗ್ಗಿರತ್ತಲ್ಲ ಸರೋಜ, ಹಾಗೆ" ಎನ್ನುತ್ತಿದ್ದರು. ಅವರ ಹಳೇ ರೈಫಲ್ಲಿನ ಗೂಡು ಒಂದಿಷ್ಟು ಸಡಿಲ, ನಿನ್ನ ರೈಫಲ್ಲಿನದ್ದು ಬಿಗಿ. ಅದಕ್ಕೇ ಡೈ ಎಂಬ ಅಚ್ಚಿನಲ್ಲಿ ಖಾಲಿ ಕೇಸಿನ ಕತ್ತನ್ನು ಮಾತ್ರ ಒತ್ತಿ, ಮದ್ದು ಗುಂಡು ತುಂಬಿ, ಅದದರ ರೈಫಲ್ಲಿಗೇ ಹಾಕುತ್ತಿದ್ದರು. ಗುರಿ ನೇರ ಬರುತ್ತದೆ, ಹಿತ್ತಾಳೆಯೂ ಬಾಳಿಕೆ ಬರುತ್ತದೆ ಎಂದು. ನೀಲಿ ಮುಚ್ಚಳದ ಡಬ್ಬಿ ನಿನ್ನದಕ್ಕೆ, ಕೆಂಪು ಅವರದ್ದಕ್ಕೆ. ಬೆರೆತರೆ ಅವರದ್ದರಲ್ಲಿ ಉಬ್ಬಿದ್ದು ನಿನ್ನದಕ್ಕೆ ಹಿಡಿಸುವುದಿಲ್ಲ, ಕೇಸನ್ನು ಇನ್ನೊಂದು ಡೈಯಲ್ಲಿ ಪೂರ್ತಿ ಒತ್ತಿ ಮೊದಲಿನ ಅಳತೆಗೆ ತರಬೇಕು. ಆಗ ಯಾವುದಕ್ಕಾದರೂ ಹೋಗುತ್ತದೆ.

ಶನಿವಾರ ನೀವಿಬ್ಬರೂ ಗುರಿ ಹೊಡೆಯುವ ರೇಂಜಿಗೆ ಹೊರಟರೆ ಮಧ್ಯಾಹ್ನದ ತನಕ ನಾನೊಬ್ಬಳೇ. ಒಂದು ದಿನವೂ ಬಾ ಎನ್ನಲಿಲ್ಲ. ಕರೆದಿದ್ದರೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಫೆಬ್ರವರಿಯಲ್ಲಿ ನಿಮ್ಮಪ್ಪ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಈ ಮನೆಯಲ್ಲಿ ಕೈಗೆ ಕೆಲಸವಿರಲಿಲ್ಲ. ಬೀರು, ಫ್ರಿಜ್ಜು, ಕಿಟಕಿ ಎಲ್ಲ ಒರೆಸಿ ಮುಗಿದ ಮೇಲೆ ಗರಾಜಿಗೆ ಹೋದೆ. ಡಬ್ಬಿಗಳಲ್ಲಿ ಕೇಸುಗಳು ಕಪ್ಪಿಟ್ಟು ಬಿದ್ದಿದ್ದವು. ಹಿತ್ತಾಳೆ ಹಾಗೆ ಇದ್ದರೆ ನನಗೆ ತಡೆಯುವುದಿಲ್ಲ, ನಿನಗೆ ಗೊತ್ತು. ದೊಡ್ಡ ಬೇಸಿನ್ನಿನಲ್ಲಿ ಹುಣಸೆಹಣ್ಣು, ಉಪ್ಪು ಕದಡಿ, ದೇವರ ದೀಪ ತಿಕ್ಕುವ ಹಾಗೆ ಒಂದೊಂದನ್ನೂ ತಿಕ್ಕಿ, ಹಿತ್ತಲ ಬಿಸಿಲಿನಲ್ಲಿ ಟವೆಲ್ಲು ಹಾಸಿ ಒಣಗಿಸಿದೆ. ಎತ್ತಿಡುವಾಗ ನೆನಪಾಯಿತು, ಎರಡು ಡಬ್ಬಿಯವನ್ನೂ ಒಂದೇ ಬೇಸಿನ್ನಿಗೆ ಸುರಿದಿದ್ದೆ. ಕಣ್ಣಿಗೆ ಎಲ್ಲವೂ ಒಂದೇ. ಅರ್ಧ ನೀಲಿಗೆ, ಅರ್ಧ ಕೆಂಪಿಗೆ ಹಾಕಿ ಮುಚ್ಚಳ ಮುಚ್ಚಿದೆ.

ಮನೆಗೆ ಬಂದವರು ಹೊಳಪು ನೋಡಿ ನಕ್ಕರು. "ತೊಳೆದ್ಯಾ ಸರೋಜ? ಬೆರೆಸಲಿಲ್ಲ ತಾನೇ?" ಎಂದರು. "ನನಗೇನು ಅಷ್ಟೂ ತಿಳಿಯಲ್ವಾ?" ಎಂದೆ. ನನ್ನ ಮಾತು ನಂಬಿ, ಕತ್ತು ಮಾತ್ರ ಒತ್ತಿ, ನಿನಗೆಂದು ನಲವತ್ತು ತೋಟಾ ತುಂಬಿದರು.

ಮಾರ್ಚ್ ಇಪ್ಪತ್ತೊಂಬತ್ತನೇ ತಾರೀಕು, ಅವರ ಮಾತ್ರೆ ಚೀಲ ಹಿಡಿದುಕೊಳ್ಳಲು ನಾನೂ ನಿಮ್ಮ ಜೊತೆ ರೇಂಜಿಗೆ ಬಂದೆ. ಮೊದಲನೇ ತೋಟಾವೇ ಗೂಡಿನಲ್ಲಿ ಪೂರ್ತಿ ಕೂರದೆ ನಿನ್ನ ರೈಫಲ್ಲಿನ ಬೋಲ್ಟು ಮುಚ್ಚಲಿಲ್ಲ. ಎರಡನೆಯದು ಹೋಯಿತು, ಮೂರನೆಯದು, ನಾಲ್ಕನೆಯದು ಮತ್ತೆ ಸಿಕ್ಕಿಕೊಂಡವು. ನೀನು ರೈಫಲ್ ಕೆಳಗಿಟ್ಟು, "ಅಪ್ಪಾ, ಸಾಕು ಬಿಡಿ. ನಿಮ್ಮ ಕೈ ನಡುಗತ್ತೆ. ಇದು ಸೇಫ್ ಅಲ್ಲ" ಎಂದೆ. ಅವರು ಆ ತೋಟಾವನ್ನು ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು, "ಹೌದಮ್ಮಾ, ವಯಸ್ಸಾಯ್ತು" ಎಂದರು. ನಾನು ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಿದ್ದೆ. ಆಮೇಲೆ ಅವರು ಮೇಜಿನ ಮುಂದೆ ಕೂತದ್ದನ್ನು ನಾನು ಕಾಣೆ. ಜೂನಿನಲ್ಲಿ ಹೋಗಿಯೇಬಿಟ್ಟರು.

ಅವರ ಕೈ ನಡುಗುತ್ತಿತ್ತು, ಸುಳ್ಳಲ್ಲ. ಆದರೆ ಆ ದಿನದ ತಪ್ಪು ಆ ಕೈಯದ್ದಲ್ಲ, ನನ್ನದು. ಬೆರೆಸಿದ್ದು ತಿಳಿಯದೆ, ಇಲ್ಲ ಎಂದದ್ದು ತಿಳಿದೇ. ನನಗೆ ಸಮಾಧಾನ ಹೇಳಬೇಡ, ಬೈಯಲೂ ಬೇಡ. ಸಾಮಾನು ಮಾರುವುದಾದರೆ ಮಾರು, ನಿನ್ನ ಇಷ್ಟ. ಅಪ್ಪನ ಕೆಲಸ ಕೆಟ್ಟಿತ್ತು ಎಂದು ಮಾತ್ರ ಇನ್ನೊಬ್ಬರ ಮುಂದೆ ಆಡಬೇಡ. ನಿನ್ನ ಬಳಿ ಉಳಿದಿರುವ ತೋಟಾಗಳನ್ನು ಬಲವಂತವಾಗಿ ರೈಫಲ್ಲಿಗೆ ತುರುಕಲೂ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಆಯಸ್ಸು, ಆರೋಗ್ಯ ಎರಡೂ ತುಂಬಿರಲಿ.

ನಿನ್ನ ಅಮ್ಮ,
ಸರೋಜಿನಿ ವೈಕುಂಠ

ಮರೆತದ್ದಲ್ಲ, ಈಗ ತಿಳಿದದ್ದು: ಲಕೋಟೆ ಅಂಟಿಸುವ ಮೊದಲು ಡಬ್ಬಿ ನೋಡಿ ಬರೋಣವೆಂದು ಗರಾಜಿಗೆ ಹೋದೆ. ಕೆಂಪು ಮುಚ್ಚಳದ ಒಳಗೆ ಅವರ ಅಕ್ಷರದ ಚೀಟಿ ಅಂಟಿಕೊಂಡಿದೆ. 'ಎರಡೂ ಡಬ್ಬಿ ಬೆರೆತಿವೆ. ಎಲ್ಲವನ್ನೂ ಪೂರ್ತಿ ಒತ್ತಬೇಕು. ೩೧ ಮಾರ್ಚ್.' ರೇಂಜಿನಿಂದ ಬಂದ ಎರಡನೇ ದಿನ. ಕೇಸುಗಳನ್ನು ಅಳೆದು ನೋಡಿದ್ದಾರೆ. ಆಮೇಲೆ ಹನ್ನೊಂದು ವಾರ ನನ್ನ ಎದುರು ಕೂತು ಉಂಡರು. ಸಾರಿಗೆ ಉಪ್ಪು ಕಡಿಮೆ ಎಂದದ್ದುಂಟು, ಇದನ್ನು ಎತ್ತಲಿಲ್ಲ. ನಿನಗೂ ಹೇಳಲಿಲ್ಲ. ಹೇಳಿದರೆ ನೀನು ನನ್ನ ಜೊತೆ ಮಾತು ಬಿಡುತ್ತೀಯ ಎಂದು ತಪ್ಪನ್ನು ತಮ್ಮ ಕೈ ಮೇಲೆಯೇ ಉಳಿಸಿಕೊಂಡರು. ಪ್ಲೆಸೆಂಟನ್‌ನವನಿಗೆ ಫೋನ್ ಮಾಡಿ ಬರಬೇಡ ಎಂದಿದ್ದೇನೆ, ನಿನ್ನನ್ನು ಕೇಳಲಿಲ್ಲ. ಪೂರ್ತಿ ಒತ್ತುವ ಡೈಯನ್ನು ಅವರು ಪ್ರೆಸ್ಸಿಗೆ ಹಾಕಿಯೇ ಹೋಗಿದ್ದಾರೆ. ಈಗ ಒಂದನ್ನು ಒತ್ತಿ ನೋಡಿದೆ, ಪ್ರೆಸ್ಸಿನ ಹಿಡಿ ಅರ್ಧಕ್ಕೆ ನಿಂತಿತು. ನನ್ನ ರಟ್ಟೆಗೆ ಆಗುವುದಿಲ್ಲ. ಇನ್ನೂ ನೂರಕ್ಕೂ ಮೇಲಿವೆ. ನಾನು ಎಣ್ಣೆ ಸವರಿ ಕೊಡುತ್ತೇನೆ, ನೀನು ಒತ್ತು. ಇಪ್ಪತ್ತೈದರ ಶನಿವಾರ ಬಾ.