ಡುಮ್ಮನ ತಲೆಯ ಬಗ್ಗೆ ತುರ್ತು ಅರಿಕೆ

ಸಕಲ ಶಿಶುಗಳ ನೆಗಡಿ-ಕೆಮ್ಮು ನಿವಾರಕರೂ ಚುಚ್ಚುಮದ್ದಿನ ಚಕ್ರವರ್ತಿಗಳೂ ಆದ ಮಕ್ಕಳ ಡಾಕ್ಟರ್ ಮಹೋದಯರ ಸನ್ನಿಧಾನಕ್ಕೆ,

ಹೊರಗಿನ ಬೆಂಚಿನಲ್ಲಿ ಕೂತಿರುವ ಡುಮ್ಮನ ಅಕ್ಕ ಮಾಡುವ ಅರಿಕೆ.

ಬೆಳಿಗ್ಗೆ ಮೂರು ವರ್ಷದ ನನ್ನ ತಮ್ಮ ಸೋಫಾದಿಂದ ಹಾರಿ, ನೆಲಕ್ಕೆ ಹಣೆ ಬಡಿದುಕೊಂಡ. ತಾವು ಅವನ ಕಣ್ಣಿಗೆ ಟಾರ್ಚ್ ಬಿಟ್ಟು, ನಡೆಸಿ ನೋಡಿ, "ಚುರುಕಾಗೇ ಇದ್ದಾನಲ್ಲ, ಸುಮ್ಮಸುಮ್ಮನೆ ಸಿ.ಟಿ. ಸ್ಕ್ಯಾನ್ ಯಾಕೆ? ಎಳೇ ತಲೆಗೆ ಆ ಕಿರಣ ಒಳ್ಳೇದಲ್ಲ. ಸಂಜೆತನಕ ಇಲ್ಲೇ ಇರಲಿ, ವಾಂತಿ ಗೀಂತಿ ಆಗುತ್ತಾ ನೋಡೋಣ" ಅಂದಿರಿ. "ಇರೋದು ಒಂದೇ ತಲೆ ಡಾಕ್ಟ್ರೇ, ಫೋಟೋ ತೆಗೆದುಬಿಡಿ" ಅಂತ ಅಪ್ಪ ಗೋಗರೆದರೂ ತಾವು ಜಗ್ಗಲಿಲ್ಲ.

ಈಗ ಡುಮ್ಮ ಎರಡು ಸಲ ವಾಂತಿ ಮಾಡಿದ್ದಾನೆ. ತಾವೂ ಮನಸ್ಸು ಬದಲಿಸಿದ್ದೀರಿ. ಸ್ಕ್ಯಾನ್ ಹೊತ್ತಿಗೆ ಅಲುಗಾಡದಿರಲಿ ಎಂದು ಅವನಿಗೆ ನಿದ್ದೆಯ ಔಷಧಿ ಕೊಡಲು ನರ್ಸಕ್ಕ ಸಿದ್ಧರಾಗುತ್ತಿದ್ದಾರೆ. ಅಮ್ಮ ಅವನ ಪುಟ್ಟ ಚಪ್ಪಲಿ ಹಿಡಿದುಕೊಂಡು ಅಳುತ್ತಿದ್ದಾಳೆ. ಅಮ್ಮ ಅಳುವುದನ್ನು ನಾನು ಈ ಮುಂಚೆ ನೋಡಿರಲಿಲ್ಲ.

ಆದ್ದರಿಂದ ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುವುದೇನೆಂದರೆ, ಔಷಧಿ ಕೊಡುವ ಮುಂಚೆ ಡುಮ್ಮನನ್ನು ತಾವೇ ಇನ್ನೊಮ್ಮೆ ನೋಡಬೇಕು. ಮತ್ತು ಈ ಚೀಟಿ ಅಪ್ಪನ ಕೈಗೆ ಸಿಗಕೂಡದು.

ತಮ್ಮ ಕಿರುಬೆರಳಿನ ಉಗುರಿಗೂ ಸಮನಲ್ಲದ,
ಡುಮ್ಮನ ಅಕ್ಕ

ತಾ.ಕ.: ತಾವು ಊಟಕ್ಕೆ ಹೋಗಿದ್ದಾಗ ಅವನಿಗೆ ಒಂದು ಬಾಟಲಿ ಜ್ಯೂಸ್ ಪೂರ್ತಿ ಕುಡಿಸಿ, ತಮ್ಮ ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ತಿರುಗಿಸಿದವಳು ನಾನೇ. "ಇನ್ನೂ ಜೋರಾಗಿ ಅಕ್ಕಾ" ಅಂದಿದ್ದು ಮಾತ್ರ ಅವನು.